ಪುಸ್ತಕ ನೋಡದೆ ಹೇಳುವ ಪ್ರಾರ್ಥನೆ

ಸೆದ್ರಾಲ್, ಆಂತಿಯೋಕಿಯಾ
9 ಮಾರ್ಚ್ 2011

ಮಗಳೇ ಲಿಹಿಯಾ,

ನಿನ್ನ ಕಾಗದ ಇವತ್ತು, ಬೂದಿ ಬುಧವಾರದ ದಿನವೇ, ಕೈಸೇರಿತು. ಹಣೆಯ ಮೇಲಿನ ಬೂದಿ ಹಾಳೆಯ ಮೇಲೆ ಉದುರಬಾರದೆಂದು ತಲೆ ಹಿಂದಕ್ಕೆ ಹಾಕಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೇ ಎಂದು ತಿಳಿ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಮಾವ ಲಿಬಾರ್ದೊ ತೀರಿಕೊಂಡು ವರ್ಷವಾಯಿತು, ಕಳೆದ ವಾರ ಅವನ ಹೆಸರಿನಲ್ಲಿ ಪೂಜೆ ಮಾಡಿಸಿದೆವು. ಓರ್ಫಾ ಮುಂದಿನ ಬೆಂಚಿನಲ್ಲಿ ನೆಟ್ಟಗೆ ಕುಳಿತಿದ್ದಳು. ನಮ್ಮ ಮನೆತನದ ಮಂಕು ಹಿಡಿದು ಎಲ್ಲವನ್ನೂ ಮರೆತ ಗಂಡನಿಗೆ ವರ್ಷಗಟ್ಟಲೆ ತುತ್ತು ಇಟ್ಟ ಹೆಂಗಸು. ಈಗ ಮಧ್ಯಾಹ್ನ ಏನು ಮಾಡಬೇಕೆಂದು ತೋಚದೆ ಊರಿನವರನ್ನೆಲ್ಲ ಬೈಯುತ್ತಾಳೆ. ಬೈಯಲಿ ಬಿಡು.

ನಿನ್ನ ದೊಡ್ಡಪ್ಪ ಹಿಲ್ದಾರ್ದೊ ಕೊನೆಗೂ ಬಸ್ಸನ್ನು ಗುಜರಿಗೆ ಕೊಟ್ಟ. ಹಾರನ್ ಮಾತ್ರ ಬಿಚ್ಚಿ ಇಟ್ಟುಕೊಂಡಿದ್ದ. ಅಷ್ಟರಲ್ಲಿ ಚರ್ಚಿನ ಗಂಟೆ ಬಿರುಕು ಬಿಟ್ಟಿತು. ಪಾದ್ರಿಗಳು ಒಂದು ಭಾನುವಾರದ ಮಟ್ಟಿಗೆ ಹಾರನ್ ಕೊಡು ಎಂದರು. ಇವನು ಗೋಪುರದ ಮೇಲೆ ನಿಂತು ಊದಿದ್ದೇ ತಡ, ಕೆಳಕೇರಿಯಿಂದ ಆರು ಹೆಂಗಸರು ಚೀಲ ಹಿಡಿದು ಓಡಿ ಬಂದರು, ಬಸ್ಸು ಹೊರಟಿತೆಂದು. ಇಬ್ಬರ ಕಂಕುಳಲ್ಲಿ ಕೋಳಿ. ಪಾದ್ರಿಗಳು ಕೋಳಿಗಳ ಸಮೇತ ಅವರನ್ನು ಒಳಗೆ ಕೂರಿಸಿದರು.

ಮುಂದಿನ ವಾರ ನಾನು ಮೆದೆಯಿನ್‌ಗೆ ಹೋಗುತ್ತಿದ್ದೇನೆ. ಕಣ್ಣು ತೋರಿಸಲು, ಅಷ್ಟೇ.

ಈ ಡಿಸೆಂಬರಿಗಾದರೂ ನೊವೆನಾ ಪ್ರಾರ್ಥನೆಗೆ ಬಾ. ಇನ್ನೊಂದು ಮಾತು: ನಿನ್ನ ಹಿಂದಿನ ಮೂರು ಕಾಗದಗಳಲ್ಲೂ ಆ ದೋಣಿ ಬಡಗಿಯ ಹೆಸರಿತ್ತು. ಇದರಲ್ಲಿಲ್ಲ. ಅವನು ಆರೋಗ್ಯವಾಗಿದ್ದಾನೆಯೇ?

ನಿನ್ನ ದೊಡ್ಡಮ್ಮ
ದಿಯೊಸೆಲಿನಾ

*

ಲೆತಿಸಿಯಾ
2 ಏಪ್ರಿಲ್ 2011

ಪ್ರೀತಿಯ ದೊಡ್ಡಮ್ಮನಿಗೆ,

ನಿಮ್ಮ ಕಾಗದ ನಿಧಾನವಾಗಿ ಬಂತು. ಈ ಊರಿಗೆ ರಸ್ತೆಯಿಲ್ಲ. ವಿಮಾನದಲ್ಲಿ ಕೋಳಿಮರಿ, ಟೈರು, ಮದುವೆಯ ಕೇಕುಗಳನ್ನು ಹೇರಿ ಉಳಿದ ಜಾಗದಲ್ಲಿ ಅಂಚೆ ಬರುತ್ತದೆ. ನದಿ ಈಗ ಶಾಲೆಯ ಮೆಟ್ಟಿಲಿಗೆ ಬಂದಿದೆ. ಮಕ್ಕಳು ದೋಣಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಒಳಗೆ ಬರುತ್ತಾರೆ. ಪಾಠ ಬೇಸರವಾದವನು ಹಾಗೆಯೇ ಹೊರಗೂ ಹೋಗುತ್ತಾನೆ.

ಎವೆಲಿಯೊ ಆರೋಗ್ಯವಾಗಿದ್ದಾನೆ. ಕಂಬಗಳ ಮೇಲೆ ಮನೆ ಕಟ್ಟುತ್ತಿದ್ದಾನೆ. ಒಬ್ಬನಿಗೆ ದೊಡ್ಡದಾಯಿತು ಎಂದು ಊರಿನವರ ಅಭಿಪ್ರಾಯ.

ಮೊನ್ನೆ ಅವನು ನನ್ನನ್ನು ಅಂಚೆ ಕಚೇರಿಯ ಮುಂದೆ ತಡೆದು ಕೇಳಿದ: "ಟೀಚರ್, ಜೇಬಲ್ಲಿ ಫೋನ್ ಇಟ್ಕೊಂಡು ಈ ಬಿಸಿಲಲ್ಲಿ ಸ್ಟಾಂಪ್ ಅಂಟಿಸೋಕೆ ಬರ್ತೀರಲ್ಲ, ಯಾಕೆ?" ನಮ್ಮ ಮನೆಯಲ್ಲಿ ಫೋನಿರುವುದು ಮಾತು ಕೇಳಲಿಕ್ಕಲ್ಲ, ತಡವರಿಕೆ ಕೇಳಲಿಕ್ಕೆ ಎಂದೆ. ಒಂದು ಪದಕ್ಕೆ ಯಾರಾದರೂ ನಿಂತರೆ ಸಾಕು, ಆ ಕಡೆಯವರು ಉಸಿರು ಹಿಡಿಯುತ್ತಾರೆ. ಹಾಳೆಯ ಮೇಲೆ ಪೆನ್ನು ಎಷ್ಟು ಹೊತ್ತು ನಿಂತಿತೆಂದು ಯಾರಿಗೂ ಕಾಣುವುದಿಲ್ಲ.

ಅವನಿಗೆ ಅರ್ಥವಾಗಲಿಲ್ಲ. ಹಾಗಾಗಿ ನೊವೆನಾದ ವಿಷಯವನ್ನೂ ಹೇಳಬೇಕಾಯಿತು. ಕ್ರಿಸ್‌ಮಸ್‌ಗೆ ಮುಂಚಿನ ಒಂಬತ್ತು ಸಂಜೆ ಗೋದಲಿಯ ಮುಂದೆ ಪ್ರಾರ್ಥನೆ, ಅದು ಅವನಿಗೂ ಗೊತ್ತು. ನಮ್ಮ ಮನೆಯಲ್ಲಿ ಮೊದಲ ಸಂಜೆ ನಲವತ್ತು ತುಂಬಿದವರೆಲ್ಲ ಒಬ್ಬೊಬ್ಬರಾಗಿ ಎದ್ದು ಪುಸ್ತಕ ನೋಡದೆ ಒಂದೊಂದು ಪ್ರಾರ್ಥನೆ ಹೇಳಬೇಕು ಎಂದೆ. ಅಜ್ಜಿ ಹಾಕಿದ ಪದ್ಧತಿ; ಪರೀಕ್ಷೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಉಳಿದವರು, ಹಾಡಿಗೆ ತಾಳ ಹಾಕಲು ಮಕ್ಕಳು ಹಿಡಿದ ಗಿಲಕಿ ನೋಡುವಂತೆ ನಟಿಸುತ್ತ ಕಿವಿಗೊಟ್ಟು ಕೂರುತ್ತಾರೆ. ಐವತ್ತರವರೆಗೆ ತಡವರಿಸದವರು ದಾಟಿದವರು. ದಾಟಿದವರಿಗೆ ಇಪ್ಪತ್ನಾಲ್ಕರ ಸಂಜೆ ಬಾಲಯೇಸುವನ್ನು ಗೋದಲಿಯಲ್ಲಿ ಮಲಗಿಸುವ ಹಕ್ಕು. ನಮ್ಮಲ್ಲಿ ಈಗ ಆ ಹಕ್ಕಿರುವುದು ದೊಡ್ಡಮ್ಮ ಒಬ್ಬರಿಗೇ ಎಂದೆ.

"ನಮ್ಮ ಕಡೆ ಬಾಲಯೇಸುಗೆ ಜೋಗುಳ ಹಾಡ್ತಾರೆ," ಎಂದ ಎವೆಲಿಯೊ. "ನಿಮ್ಮ ಕಡೆ ಪರೀಕ್ಷೆ ಬರೀತಾರಾ?"

ನಾನು ನಕ್ಕೆ. ನಾನು ಯಾಕೆ ಇಲ್ಲಿಗೆ ಬಂದೆನೆಂದು ಹೇಳಲಿಲ್ಲ. ನಿಮಗೆ ಗೊತ್ತಿದೆ. ನನಗೆ ನಲವತ್ತಾದ ವರ್ಷ ಸಂತ ಜೋಸೆಫರ ಪ್ರಾರ್ಥನೆಯ ಎರಡನೇ ಸಾಲಿನಲ್ಲಿ ನಿಂತುಬಿಟ್ಟೆ. ಗಿಲಕಿಗಳೂ ನಿಂತವು. ಓರ್ಫಾ ಅತ್ತೆ ಶಿಲುಬೆ ಗುರುತು ಹಾಕಿಕೊಂಡರು. ಅಮ್ಮನಿಗೆ ಮಂಕು ಶುರುವಾದಾಗ ನಲವತ್ನಾಲ್ಕು. ಈಗ ನನಗೆ ನಲವತ್ತೈದು.

ನೀವು ದಾಟಿದವರು, ದೊಡ್ಡಮ್ಮ. ದಡದಲ್ಲಿ ಕುಳಿತು "ಬಾ" ಎನ್ನುವುದು ಸುಲಭ. ದೂರುತ್ತಿಲ್ಲ. ಡಿಸೆಂಬರಿಗೆ ಬರಲಾರೆ. ಕಣ್ಣಿನ ಬಗ್ಗೆ ಡಾಕ್ಟರು ಏನೆಂದರು?

ಲಿಹಿಯಾ

*

ಸೆದ್ರಾಲ್
18 ಮೇ 2011

ಮಗಳೇ,

ಕಣ್ಣು ಚೆನ್ನಾಗಿದೆಯಂತೆ. ಕನ್ನಡಕ ಬದಲಿಸಿದರು.

ಕಾಫಿ ಹೂಬಿಟ್ಟು ಉದುರಿತು. ಮಳೆಗೆ ಮೆದೆಯಿನ್ ರಸ್ತೆ ಎರಡು ಕಡೆ ಕುಸಿದಿದೆ. ಮನೆಯಲ್ಲಿ ಹಿಟ್ಟು, ಉಪ್ಪು, ಮಾತು, ಮೂರೂ ಸಾಕಷ್ಟಿವೆ.

ಒಂದು ತಮಾಷೆ ಕೇಳು. ಚರ್ಚಿನ ಗಂಟೆ ಬಿರುಕು ಬಿಟ್ಟು ಪಾದ್ರಿಗಳು ಹಿಲ್ದಾರ್ದೊನ ಬಸ್ಸಿನ ಹಾರನ್ ಕೇಳಿದರು. ಇವನು ಗೋಪುರದ ಮೇಲೆ ನಿಂತು ಊದಿದ್ದೇ ತಡ, ಕೆಳಕೇರಿಯಿಂದ ಆರು ಹೆಂಗಸರು ಚೀಲ ಹಿಡಿದು ಓಡಿ ಬಂದರು, ಬಸ್ಸು ಹೊರಟಿತೆಂದು. ಇಬ್ಬರ ಕಂಕುಳಲ್ಲಿ ಕೋಳಿ. ಇದನ್ನು ನಿನಗೆ ಮೊದಲೇ ಹೇಳಿದ್ದೆನೇ? ಹೇಳಿದ್ದರೆ ಹೇಳು.

ದೊಡ್ಡಮ್ಮ

*

ಲೆತಿಸಿಯಾ
11 ಜೂನ್ 2011

ದೊಡ್ಡಮ್ಮನಿಗೆ,

ಹೇಳಿದ್ದಿರಿ. ಮಾರ್ಚಿನ ಕಾಗದದಲ್ಲಿ. ಅದೇ ಆರು ಹೆಂಗಸರು, ಅದೇ ಎರಡು ಕೋಳಿ. ಆ ಸಲ ಪಾದ್ರಿಗಳು ಕೋಳಿಗಳ ಸಮೇತ ಅವರನ್ನು ಒಳಗೆ ಕೂರಿಸಿದ್ದರು. ಈ ಸಲ ಅದನ್ನು ಬಿಟ್ಟಿದ್ದೀರಿ, ನಾನು ಗಮನಿಸುತ್ತೇನೆಯೇ ಎಂದು ನೋಡಲು. ಗಮನಿಸಿದೆ. ಪಾಸಾದೆನೇ?

ಫೋನು ಬಿಟ್ಟು ಕಾಗದ ಹಿಡಿದದ್ದೇ ಇದರಿಂದ ತಪ್ಪಿಸಿಕೊಳ್ಳಲು. ಅಂಚೆಯಲ್ಲೂ ನೊವೆನಾ ನಡೆಸಬಹುದೆಂದು ನನಗೆ ಹೊಳೆದಿರಲಿಲ್ಲ. ಓರ್ಫಾ ಅತ್ತೆ ಮಾಡಿದ್ದರೆ ಬೇಸರವಾಗುತ್ತಿರಲಿಲ್ಲ. ನೀವು ಮಾಡಿದಿರಿ.

ಕೇಳುವುದಿದ್ದರೆ ನೇರವಾಗಿ ಕೇಳಬಹುದಿತ್ತು. ನಾನೇ ಹೇಳುತ್ತೇನೆ. ಪ್ರತಿ ಬೆಳಿಗ್ಗೆ ಹಾಜರಿ ಪುಸ್ತಕ ತೆರೆಯುವ ಮೊದಲು ಮಕ್ಕಳ ಹೆಸರುಗಳನ್ನು ಮನಸ್ಸಿನಲ್ಲಿ ಒಪ್ಪಿಸಿಕೊಳ್ಳುತ್ತೇನೆ. ಒಮ್ಮೊಮ್ಮೆ ಒಂದು ಹೆಸರು ಬರುವುದಿಲ್ಲ. ಆ ದಿನವೆಲ್ಲ ನನಗೆ ಬೇರೇನೂ ಕಾಣುವುದಿಲ್ಲ.

ಎವೆಲಿಯೊ ಮದುವೆಯಾಗೋಣ ಎಂದು ಕೇಳಿದ. ಫೆಬ್ರವರಿಯಲ್ಲಿ. ಅದಕ್ಕೇ ಆ ಕಾಗದದಲ್ಲಿ ಅವನ ಹೆಸರಿರಲಿಲ್ಲ. ಆ ಮನೆ ಇಬ್ಬರಿಗಾಗಿ. ಆಗುವುದಿಲ್ಲ ಎಂದೆ. ಅವನು ಕಾರಣ ಕೇಳಲಿಲ್ಲ, ಕಟ್ಟುವುದನ್ನು ನಿಲ್ಲಿಸಲೂ ಇಲ್ಲ. ಅದೇ ಕಷ್ಟವಾಗಿದೆ.

ಅಮ್ಮನ ಕುರ್ಚಿಯ ಎದುರು ಅಪ್ಪ ಹಾಕಿಕೊಳ್ಳುತ್ತಿದ್ದ ಮುಕ್ಕಾಲಿ ನಿಮಗೆ ನೆನಪಿರಬೇಕು. ಮೂರು ಹೊತ್ತೂ ಅದರ ಮೇಲೆ ಕುಳಿತು, ಚಮಚ ಹಿಡಿದು, "ಎದಿಲ್ಮಾ, ಬಾಯಿ ತೆಗಿ ಚಿನ್ನ" ಎನ್ನುತ್ತಿದ್ದ. ಅಮ್ಮ ಅವನನ್ನು ಬಸ್ ಕಂಡಕ್ಟರ್ ಎಂದುಕೊಂಡು ಚಿಲ್ಲರೆ ಕೇಳುತ್ತಿದ್ದಳು. ಅವನು ಜೇಬಿನಿಂದ ತೆಗೆದು ಕೊಡುತ್ತಿದ್ದ. ಆ ಮುಕ್ಕಾಲಿಯ ಮೇಲೆ ಎವೆಲಿಯೊನನ್ನು ಕೂರಿಸಲಾರೆ.

ಇನ್ನು ಕೇಳಬೇಡಿ.

ಲಿಹಿಯಾ

*

ಸೆದ್ರಾಲ್
3 ಜುಲೈ 2011

ಮಗಳೇ ಲಿಹಿಯಾ,

ಅದು ಪರೀಕ್ಷೆಯಾಗಿರಲಿಲ್ಲ. ನಾನು ಮರೆತಿದ್ದೆ.

ಈ ಒಂದು ಸಾಲು ಬರೆದು ಎದ್ದು ಹೋಗಿ ಕೋಳಿಗೆ ಕಾಳು ಹಾಕಿ ಬಂದೆ. ಇನ್ನು ಉಳಿದದ್ದನ್ನು ಬರೆಯುತ್ತೇನೆ. ನಾನು ಒಂದು ಕಾಗದವನ್ನು ಈಗ ಒಂದೇ ಸಲಕ್ಕೆ ಬರೆಯಲಾರೆ. ಮೊದಲು ಗೀಚಿ, ತಿದ್ದಿ, ಆಮೇಲೆ ಅಂದವಾಗಿ ಎತ್ತಿ ಬರೆಯುತ್ತೇನೆ. ನನ್ನ ಅಕ್ಷರ ನೋಡಿ ನೀನು ನೆಮ್ಮದಿಯಾಗಿದ್ದೆ.

ಹೋದ ಡಿಸೆಂಬರಿನಲ್ಲಿ ಮೊದಲ ಸಂಜೆ ನನ್ನ ಪ್ರಾರ್ಥನೆಯನ್ನು ಎಂದಿನಂತೆ ನೀರು ಕುಡಿದ ಹಾಗೆ ಹೇಳಿದೆ. ಇಪ್ಪತ್ನಾಲ್ಕರಂದು ಕಪಾಟಿನಿಂದ ಬಾಲಯೇಸುವನ್ನು ತೆಗೆದೆ, ಗೋದಲಿಯಲ್ಲಿ ಮಲಗಿಸಿದೆ, ಎಲ್ಲರೂ ಹಾಡಿದರು. ಹಾಡು ಮುಗಿಯುತ್ತಿದ್ದಂತೆ ನಾನು ಮತ್ತೆ ಕಪಾಟಿಗೆ ಹೋಗಿ ಅವನನ್ನು ಹುಡುಕತೊಡಗಿದೆ. ಹತ್ತಿಯ ನಡುವೆ ಅವನಿರಲಿಲ್ಲ. ಯಾರೋ ಕದ್ದರೆಂದು ಹತ್ತಿಯನ್ನೆಲ್ಲ ಹೊರಗೆಳೆದೆ. ಹಿಲ್ದಾರ್ದೊ ನೋಡಿದ. ರೇಡಿಯೋ ಜೋರು ಮಾಡಿ, ನನ್ನ ಕೈ ಹಿಡಿದು ನಡುಮನೆಯಲ್ಲಿ ಕುಣಿಸಿದ. "ಮುದುಕನಿಗೆ ಏರಿದೆ" ಎಂದು ಓರ್ಫಾ ನಕ್ಕಳು. ಅವನು ಆ ಸಂಜೆ ಒಂದು ಹನಿ ಕುಡಿದಿರಲಿಲ್ಲ.

ಮಾರ್ಚಿನಲ್ಲಿ ಹೋದದ್ದು ಕಣ್ಣಿಗಲ್ಲ. ಮಂಕಿನ ಗುಟ್ಟು ತಿಳಿಯಲು ವರ್ಷವೂ ನಮ್ಮೆಲ್ಲರ ರಕ್ತ ತೆಗೆಯಲು ಬರುವ ಆ ಡಾಕ್ಟರುಗಳ ಬಳಿಗೆ. ನನ್ನನ್ನು ಒಂದು ಕೊಳವೆಯೊಳಗೆ ಮಲಗಿಸಿದರು. ಹಿಲ್ದಾರ್ದೊನ ಎಂಜಿನ್ನಿಗಿಂತ ಕೆಟ್ಟ ಸದ್ದು. ಆಮೇಲೆ ಡಾಕ್ಟರ್ ಮೊನ್ಸಾಲ್ವೆ ಎಂಬ ಹುಡುಗಿ ನನ್ನನ್ನೂ ಹಿಲ್ದಾರ್ದೊನನ್ನೂ ಕೂರಿಸಿಕೊಂಡು, ಅಲ್ಲಿ ತೆಗೆದ ನನ್ನ ತಲೆಯ ಚಿತ್ರವನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ರಕ್ತದಲ್ಲಿ ಏನಿದೆಯೆಂದು ಅವರು ಯಾರಿಗೂ ಹೇಳುವುದಿಲ್ಲ, ಅದು ನಿನಗೆ ಗೊತ್ತು. ನಾನು ಹಟ ಹಿಡಿದೆ. ಎಪ್ಪತ್ತಕ್ಕೆ ಬಂದವಳಿಂದ ಏನು ಬಚ್ಚಿಡುತ್ತೀಯಮ್ಮ ಎಂದೆ.

ಮಂಕು ನನ್ನಲ್ಲಿಯೂ ಇದೆ, ಲಿಹಿಯಾ. ಹುಟ್ಟಿನಿಂದ. ನಿನ್ನ ಅಮ್ಮನಲ್ಲಿ, ಲಿಬಾರ್ದೊನಲ್ಲಿ ಇದ್ದದ್ದೇ. ನಾನು ದಾಟಿದವಳಲ್ಲ.

ಆ ಹುಡುಗಿ ಚಿತ್ರ ತೋರಿಸಿದಳು. ಒಣಗಿದ ಕಾಫಿಹಣ್ಣನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಬೀಜ ಸಿಪ್ಪೆಯೊಳಗೆ ಸರಿದಾಡುತ್ತದಲ್ಲ, ನನ್ನ ಮಿದುಳು ಹಾಗೆ ಕುಗ್ಗಿ ಕುಳಿತಿತ್ತು. ಹೊಸ ನೆನಪು ಕೂಡಿಡುವ ಜಾಗ, ಕಿವಿಗಳ ನೇರಕ್ಕೆ ಮಿದುಳಿನೊಳಗೆ ಎರಡು ಕಡೆ, ತೀರ ಸಣ್ಣದಾಗಿದೆಯಂತೆ. "ಈ ಚಿತ್ರ ಮಾತ್ರ ನೋಡಿದ್ರೆ, ನೀವು ಎಷ್ಟೋ ವರ್ಷದ ಹಿಂದೆನೇ ಹಾಸಿಗೆ ಹಿಡೀಬೇಕಿತ್ತು," ಎಂದಳು. "ಆದ್ರೆ ನೀವು ಬಸ್ಸು ಬದಲಿಸಿಕೊಂಡು ಬಂದಿದ್ದೀರಿ. ನನಗೆ ಕಾಫಿಪುಡಿ ತಂದಿದ್ದೀರಿ. ನಮ್ಮಮ್ಮನ ಮಂಡಿನೋವು ಹೇಗಿದೆ ಅಂತ ಕೇಳಿದ್ರಿ. ನನಗೆ ಇದು ಅರ್ಥ ಆಗ್ತಿಲ್ಲ, ಸೆನ್ಯೋರಾ."

ಕೆಲವು ಮಿದುಳುಗಳು ಹಾನಿಯಾದ ಮೇಲೂ ಕೆಲಸ ಬಿಡುವುದಿಲ್ಲವಂತೆ. ಹೇಗೆಂದು ಅವರೂ ಹುಡುಕುತ್ತಿದ್ದಾರೆ. ಹಿಲ್ದಾರ್ದೊ ತನ್ನ ರೀತಿಯಲ್ಲಿ ಅರ್ಥಮಾಡಿಕೊಂಡ: "ರಸ್ತೆ ಕುಸಿದಾಗ ನಾನು ಏನ್ ಮಾಡ್ತಿದ್ದೆ? ಹಳೇ ಹೇಸರಗತ್ತೆ ದಾರಿ ಹಿಡೀತಿದ್ದೆ. ತಡ ಆಗ್ತಿತ್ತು, ಜನ ಬೈತಿದ್ರು. ಆದ್ರೆ ಊರಿಗೆ ಬಸ್ಸು ಬಾರದೇ ಇದ್ದ ದಿನ ಇದೆಯಾ?" ಡಾಕ್ಟರ್ ಹುಡುಗಿ ಇದನ್ನು ಬರೆದುಕೊಂಡಳು. ಅವನು ಇನ್ನೂ ಆ ಗರ್ವದಲ್ಲೇ ಇದ್ದಾನೆ.

ನಾನು ಏನು ಮಾಡಿದ್ದಕ್ಕೆ ಹೀಗಾಯಿತು ಎಂದು ಕೇಳಿದೆ. ಪ್ರಾರ್ಥನೆಯೇ, ದುಡಿಮೆಯೇ, ದಿನಾ ಗಂಡನ ಜೊತೆ ಜಗಳವೇ? ಅವಳು ಅಲ್ಲವೆಂದು ತಲೆಯಾಡಿಸಿದಳು. "ಓದು, ಕೆಲಸ, ಜನರ ಒಡನಾಟ ಎಲ್ಲ ಸ್ವಲ್ಪ ಸಹಾಯ ಮಾಡಬಹುದು. ಇಷ್ಟು ವರ್ಷ ತಡೆದದ್ದಕ್ಕೆ ಅದೇ ಕಾರಣ ಅಂತ ನಾನು ಹೇಳಲ್ಲ. ನಿಮ್ಮ ತಂಗಿ ಟೀಚರ್ ಆಗಿದ್ರು, ನಿಮಗಿಂತ ಹೆಚ್ಚು ಓದಿದ್ರು. ಇದು ನಿಮಗೆ ಸಿಕ್ಕ ಬಹುಮಾನ ಅಲ್ಲ, ಅವರಿಗೆ ಆದದ್ದು ಶಿಕ್ಷೆನೂ ಅಲ್ಲ." ಅದನ್ನು ಕೇಳಿ ನನಗೆ ಅಳು ಬಂತು. ಎದಿಲ್ಮಾ ಏನೋ ಪಾಪ ಮಾಡಿದ್ದಳೇನೋ ಎಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ನಾನೂ ನಂಬಿದ್ದೆನೆಂದು ಆಗಲೇ ತಿಳಿದದ್ದು.

ಈಗ ನನಗೆ ನಿಧಾನವಾಗಿ ಶುರುವಾಗಿದೆ. ಇದು ಮೊದಲ ಮೆಟ್ಟಿಲು ಎನ್ನುತ್ತಾರೆ. ಇಲ್ಲೇ ಎಷ್ಟು ಕಾಲ ನಿಲ್ಲುತ್ತೇನೆಂದು ಯಾರಿಗೂ ಗೊತ್ತಿಲ್ಲ. ಸತ್ತ ಮೇಲೆ ನನ್ನ ಮಿದುಳನ್ನು ಅವರಿಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. "ಬದುಕಿದ್ದಾಗ ನನಗೆ ಒಂದು ದಿನಾನೂ ಕೊಟ್ಟಿಲ್ಲ," ಎಂದ ನಿನ್ನ ದೊಡ್ಡಪ್ಪ.

ನಿನಗೆ ಯಾಕೆ ಹೇಳಲಿಲ್ಲವೆಂದರೆ, ಈ ಮನೆಯಲ್ಲಿ ಒಬ್ಬರಾದರೂ ದಾಟಿದ್ದಾರೆ ಎಂಬುದನ್ನು ಹಿಡಿದುಕೊಂಡು ಎಲ್ಲರೂ ನಿಂತಿದ್ದೀರಿ. ನೀನು ಎಲ್ಲರಿಗಿಂತ ಹೆಚ್ಚು. ಅದನ್ನು ನಿನ್ನ ಕೈಯಿಂದ ಕಿತ್ತುಕೊಳ್ಳಲು ನನಗೆ ಧೈರ್ಯ ಬರಲಿಲ್ಲ. ಈಗ ಕಿತ್ತುಕೊಂಡಿದ್ದೇನೆ.

ಆ ಹುಡುಗನನ್ನು ಬೇಡವೆಂದದ್ದು ನನಗೆ ಗೊತ್ತಿರಲಿಲ್ಲ.

ದಿಯೊಸೆಲಿನಾ

*

ಸೆದ್ರಾಲ್
14 ಆಗಸ್ಟ್ 2011

ಲಿಹಿಯಾ,

ನಿನ್ನಿಂದ ಕಾಗದವಿಲ್ಲ. ವಿಮಾನ ತಡವೆಂದು ಹಿಲ್ದಾರ್ದೊ ದಿನಾ ಒಂದು ನೆಪ ಹೇಳುತ್ತಾನೆ. ಅಂಚೆಯವನ ಎದುರು ನಾನೇ ಹೋಗಿ ನಿಂತರೆ ಅವನು ರಸ್ತೆ ಬದಲಿಸುತ್ತಾನೆ.

ಹೇಳಬಾರದಿತ್ತು. ಒಬ್ಬರಾದರೂ ದಡದಲ್ಲಿದ್ದಾರೆ ಎಂದುಕೊಂಡಿದ್ದವಳಿಗೆ ದಡವೇ ಇಲ್ಲ ಎಂದು ಬರೆದೆ. ಬೈದಾದರೂ ಒಂದು ಸಾಲು ಬರೆ.

ದೊಡ್ಡಮ್ಮ

*

ಮೆದೆಯಿನ್
19 ಆಗಸ್ಟ್ 2011

ಪ್ರೀತಿಯ ದೊಡ್ಡಮ್ಮನಿಗೆ,

ಊರಿನ ಹೆಸರು ನೋಡಿ ಗಾಬರಿಯಾಗಬೇಡಿ. ನಿಮ್ಮ ಜುಲೈ ಕಾಗದ ಓದಿದ ದಿನವೇ ರಜೆ ಬರೆದುಕೊಟ್ಟೆ. ವಿಮಾನದಲ್ಲಿ ಜಾಗ ಸಿಗಲು ಈವರೆಗೆ ಕಾಯಬೇಕಾಯಿತು. ನಾಲ್ಕು ಸಲ ಉತ್ತರ ಬರೆಯಲು ಕುಳಿತೆ. ಪ್ರತಿ ಸಲವೂ "ಕ್ಷಮಿಸಿ" ಎಂಬಲ್ಲಿಗೆ ನಿಂತಿತು. ನೀವು ಮರೆತದ್ದನ್ನು ನಾನು ಮೋಸವೆಂದು ಓದಿದೆ. ಬೇರೆ ಯಾವ ಮನೆಯವರಾದರೂ ವಯಸ್ಸಾದವರು ಕಥೆಯನ್ನು ಎರಡು ಸಲ ಹೇಳಿದರು ಎಂದಷ್ಟೇ ಅಂದುಕೊಳ್ಳುತ್ತಿದ್ದರು.

ನಿಮ್ಮ ಡಾಕ್ಟರನ್ನು ಕಂಡೆ. ನಿಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ, ಅದು ಅವರ ನಿಯಮ. ಕಾಫಿಪುಡಿ ಚೆನ್ನಾಗಿತ್ತು ಎಂದು ಮಾತ್ರ ತಿಳಿಸಲು ಹೇಳಿದರು. ನಾನು ನಿಮ್ಮ ಕಾಗದವನ್ನೇ ಅವರ ಮುಂದಿಟ್ಟು ಕೇಳಿದೆ: ಇದು ಒಬ್ಬರಲ್ಲಿ ಆಗಿದ್ದರೆ ಇನ್ನೊಬ್ಬರಲ್ಲೂ ಆಗುತ್ತದೆಯೇ?

ಅವರು ಕಾಗದ ಓದಿ ಮುಗಿಸಿ ಹೇಳಿದರು: "ಆಗುತ್ತೆ ಅಂತ ಹೇಳಲಾರೆ. ಆಗೋದೇ ಇಲ್ಲ ಅಂತ ಇಷ್ಟು ದಿನ ಹೇಳ್ತಿದ್ವಿ. ಇನ್ನು ಹಾಗೆ ಹೇಳೋಕಾಗಲ್ಲ."

ಆ ಮೂರು ವಾಕ್ಯಗಳನ್ನು ಹಿಡಿದುಕೊಂಡು ನಾನು ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಅಲ್ಲಿ ಒಬ್ಬಳು ಮಾವಿನಕಾಯಿ ಹೋಳಿಗೆ ಉಪ್ಪು ನಿಂಬೆ ಹಿಂಡಿ ಮಾರುತ್ತಿದ್ದಳು. ಕೊಂಡು ತಿಂದೆ. ಬಾಯಿ ಜುಮ್ಮೆಂದಿತು. ಮುಂದಿನ ವರ್ಷ ನನಗೆ ಈ ರುಚಿಯ ಹೆಸರು ನೆನಪಿರುತ್ತದೆಯೇ ಎಂದು ಯೋಚಿಸದೆ ಏನನ್ನಾದರೂ ತಿಂದು ಎಷ್ಟು ವರ್ಷವಾಗಿತ್ತೋ.

ದೊಡ್ಡಮ್ಮ, ನೀವು ನನ್ನಿಂದ ಏನನ್ನೂ ಕಿತ್ತುಕೊಂಡಿಲ್ಲ. ದಾಟಿದವರು ಎಂಬುದು ನನಗೆ ಎಂದೂ ಆಸರೆಯಾಗಿರಲಿಲ್ಲ. ನೀವು ಒಂದು ಜಾತಿ, ನಾವು ಒಂದು ಜಾತಿ ಎಂದು ಅದು ಪ್ರತಿ ಡಿಸೆಂಬರಿನಲ್ಲಿ ಹೇಳುತ್ತಿತ್ತು. ಈಗ ನೀವು ನಮ್ಮವರು. ಮಂಕು ನಿಮ್ಮೊಳಗಿತ್ತು, ಅದು ಇದ್ದಾಗಲೇ ನೀವು ಅಜ್ಜಿಯನ್ನು ನೋಡಿಕೊಂಡಿರಿ, ಅಮ್ಮನ ತಲೆ ಬಾಚಿದಿರಿ, ನನ್ನನ್ನು ಓದಿಸಿದಿರಿ, ಲಿಬಾರ್ದೊ ಮಾವನಿಗೆ ಗಡ್ಡ ಬೋಳಿಸಿದಿರಿ. ಯಾರಿಗೂ ಗೊತ್ತಿರಲಿಲ್ಲ, ನಿಮಗೂ. ಮಂಕು ಬರುವುದು, ಬಾರದಿರುವುದು, ನನ್ನ ಪಾಲಿಗೆ ಎರಡೇ ಬಾಗಿಲು ಎಂದುಕೊಂಡು ಕುಳಿತಿದ್ದೆ. ನೀವು ಇಷ್ಟು ವರ್ಷ ಮೂರನೆಯದರಲ್ಲಿ ಓಡಾಡುತ್ತಿದ್ದಿರಿ.

ಇನ್ನೂ ಒಂದು. ನಮ್ಮ ಪರೀಕ್ಷೆ ಎಷ್ಟು ದಡ್ಡದೆಂದು ಡಾಕ್ಟರನ್ನು ಕೇಳಿ ತಿಳಿದೆ. ಬಾಲ್ಯದಿಂದ ಬಾಯಿಪಾಠವಾದದ್ದು ಎಲ್ಲಕ್ಕಿಂತ ಕೊನೆಗೆ ಹೋಗುತ್ತದಂತೆ. ಅಂದರೆ ಹೋದ ವರ್ಷ ಆ ಕೋಣೆಯಲ್ಲಿ ನಿಜಕ್ಕೂ ಕಾಯಿಲೆ ಶುರುವಾಗಿದ್ದವರು ಒಂದು ಪದವೂ ತಪ್ಪದೆ ಹೇಳಿದರು. ನಾನು ಅಂದು ತಡವರಿಸಿದ್ದಕ್ಕೆ ಭಯವೇ ಸಾಕಷ್ಟು ಕಾರಣ ಎಂದರು.

ನನ್ನನ್ನೂ ಆ ಕೊಳವೆಯಲ್ಲಿ ಮಲಗಿಸಿದರು. ವರ್ಷವೂ ಬರುತ್ತೇನೆಂದು ಒಪ್ಪಿದ್ದೇನೆ. ರಕ್ತದಲ್ಲೇನಿದೆ ಎಂದು ಕೇಳಲಿಲ್ಲ. ಕೇಳಬೇಕೆನಿಸಿದ ದಿನ ಕೇಳುತ್ತೇನೆ.

ಸಂಜೆ ಬಸ್ ನಿಲ್ದಾಣದವರೆಗೆ ಹೋದೆ. ಸೆದ್ರಾಲ್ ಬಸ್ಸು ನಿಂತಿತ್ತು. ಹತ್ತಲಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಮೊದಲು ಒಬ್ಬನಿಗೆ ಕಾರಣ ಹೇಳಬೇಕಿದೆ.

ಲಿಹಿಯಾ

*

ಲೆತಿಸಿಯಾ
21 ಅಕ್ಟೋಬರ್ 2011

ಪ್ರೀತಿಯ ದೊಡ್ಡಮ್ಮನಿಗೆ,

ಹೇಳಲು ಇಷ್ಟು ದಿನ ಬೇಕಾಯಿತು. ನದಿ ಇಳಿದಿದೆ. ಎವೆಲಿಯೊನ ಮನೆಯ ಕೆಳಗೆ ಈಗ ಒಣ ನೆಲ, ಅಲ್ಲಿ ಅವನು ದೋಣಿಗೆ ಟಾರು ಬಳಿಯುತ್ತಿದ್ದ. ಎಲ್ಲವನ್ನೂ ಹೇಳಿದೆ: ಅಮ್ಮ, ಮಾವ, ನೀವು, ಆ ಚಿತ್ರ, ಅಪ್ಪನ ಮುಕ್ಕಾಲಿ. ಇರಬಹುದು, ಇಲ್ಲದಿರಬಹುದು, ಇದ್ದರೂ ತಡೆಯಬಹುದು, ತಡೆಯದಿರಬಹುದು ಎಂದೆ. ಅವನು ಬ್ರಶ್ ಕೆಳಗಿಡದೆ ಕೇಳಿಸಿಕೊಂಡ.

"ಟೀಚರ್," ಎಂದ, "ಇಲ್ಲಿ ಪ್ರತಿ ವರ್ಷ ನೀರು ಬರುತ್ತೆ. ಎಷ್ಟು ಎತ್ತರ ಬರುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಅದಕ್ಕೆ ಅಂತ ಮನೆ ಕಟ್ಟೋದು ಬಿಡ್ತೀವಾ? ಕಂಬ ಹಾಕ್ತೀವಿ."

ಅವನು ಟಾರು ಬಳಿಯುತ್ತಲೇ ಮುಂದುವರಿಸಿದ: "ಮುಕ್ಕಾಲಿ ಎರಡು ಮಾಡ್ತೀನಿ. ಯಾರು ಯಾರೆದುರು ಕೂರ್ತಾರೋ ಆಮೇಲೆ ನೋಡೋಣ. ನಾನೇನು ಬಿದ್ದು ಸೊಂಟ ಮುರ್ಕೊಳ್ಳಲ್ಲ ಅಂತ ಬರೆದು ಕೊಟ್ಟಿದೀನಾ?"

ಆಗಲಿ ಎಂದೆ. ಜನವರಿಯಲ್ಲಿ ಇಲ್ಲಿಯ ಪುಟ್ಟ ಚರ್ಚಿನಲ್ಲಿ.

ಅದಕ್ಕೂ ಮೊದಲು ಅವನು ನಮ್ಮ ನೊವೆನಾ ನೋಡಬೇಕಂತೆ. ಪರೀಕ್ಷೆಗೆ ಹೆದರಿ ಓಡಿಬಂದವಳ ಊರು ಹೇಗಿದೆಯೆಂದು ಕುತೂಹಲವಂತೆ. ಡಿಸೆಂಬರ್ ಹದಿನೈದರಂದು ಹೊರಡುತ್ತೇವೆ. ದೊಡ್ಡಮ್ಮ, ನನಗೆ ಇನ್ನೂ ಹೆದರಿಕೆಯಿದೆ. ಸಂತ ಜೋಸೆಫರ ಪ್ರಾರ್ಥನೆಯ ಎರಡನೇ ಸಾಲಿನಲ್ಲಿ ಈ ಸಲವೂ ನಿಲ್ಲುತ್ತೇನೆ ಅನಿಸುತ್ತದೆ.

ನಿಮ್ಮ
ಲಿಹಿಯಾ

*

ಸೆದ್ರಾಲ್
27 ನವೆಂಬರ್ 2011

ಮಗಳೇ ಲಿಹಿಯಾ,

ನಿನ್ನ ಕಾಗದವನ್ನು ಹಿಲ್ದಾರ್ದೊ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ್ದಾನೆ. ಬೆಳಿಗ್ಗೆ ತಲೆ ಬಾಚುವಾಗ ಓದುತ್ತೇನೆ. ಕೆಲವು ದಿನ ಅದು ಹೊಸ ಸುದ್ದಿಯಾಗಿರುತ್ತದೆ, ಆಗ ನನ್ನಷ್ಟು ಸುಖಿ ಊರಿನಲ್ಲಿ ಇನ್ನೊಬ್ಬಳಿರುವುದಿಲ್ಲ.

ಹೋದ ಭಾನುವಾರ ಎಲ್ಲರನ್ನೂ ಕರೆದು ಮೆಕ್ಕೆಜೋಳದ ಅರೆಪಾ ರೊಟ್ಟಿ ಸುಟ್ಟು ಬಡಿಸಿ, ತಿಂದಾದ ಮೇಲೆ ನನ್ನ ವಿಷಯ ಹೇಳಿಬಿಟ್ಟೆ. ಓರ್ಫಾ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು, ಮತ್ತೆ ಬಿಡಿಸಿದಳು. ಆಮೇಲೆ ನನ್ನ ಮುಖ ನೋಡದೆ ಕೇಳಿದಳು: "ಹಾಗಾದ್ರೆ ನನ್ನ ಹುಡುಗರೂ... ಮಂಕು ಬಂದ್ರೂನೂ... ನಿನ್ನ ಥರ ಇರಬಹುದಾ?"

"ಇರಬಹುದು," ಎಂದೆ. "ಇರ್ತಾರೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಇರಬಹುದು."

ಅವಳು ನನ್ನ ಮಡಿಲಿಗೆ ತಲೆಯಿಟ್ಟು ಅತ್ತಳು. ಲಿಬಾರ್ದೊ ಸತ್ತಾಗಲೂ ಅತ್ತಿರದ ಹೆಂಗಸು. ಅತ್ತು, ಮೂಗೊರೆಸಿಕೊಂಡು, ಅರೆಪಾಗೆ ಉಪ್ಪು ಕಮ್ಮಿ ಎಂದಳು.

ಚರ್ಚಿನ ಅಂಗಡಿಯಿಂದ ನೊವೆನಾ ಪುಸ್ತಕಗಳನ್ನು ತಂದಿದ್ದೇನೆ. ಎಲ್ಲರಿಗೂ ಒಂದೊಂದು, ಎವೆಲಿಯೊಗೂ. ಅಕ್ಷರ ದಪ್ಪ. ಇನ್ನು ಈ ಮನೆಯಲ್ಲಿ ಯಾರೂ ನೋಡದೆ ಹೇಳುವಂತಿಲ್ಲ, ಬಾಯಿಪಾಠ ಬರುವವರೂ ಪುಸ್ತಕ ಹಿಡಿಯಬೇಕು, ನಾನೂ. ಓರ್ಫಾ ಇದಕ್ಕೂ ಜಗಳ ತೆಗೆದಳು: "ಎಲ್ಲಾರೂ ನೋಡ್ಕೊಂಡು ಹೇಳಿದ್ರೆ ಯಾರು ನೆಟ್ಟಗಿದ್ದಾರೆ ಯಾರಿಲ್ಲ ಅಂತ ಹೇಗೆ ಗೊತ್ತಾಗೋದು?" ಗೊತ್ತಾಗದಿರಲಿ ಅಂತಲೇ ಎಂದೆ. ಹಾಗಾದರೆ ತನಗೆ ಎರಡು ಪುಸ್ತಕ ಬೇಕು, ಹುಡುಗರು ಒಂದನ್ನು ಹರಿದುಹಾಕುತ್ತಾರೆ ಎಂದಳು.

ಸಂತ ಜೋಸೆಫರ ಪ್ರಾರ್ಥನೆ ನಿನ್ನದೇ. ಎರಡನೇ ಸಾಲಿನಲ್ಲಿ ನಿಲ್ಲಬೇಕೆನಿಸಿದರೆ ನಿಲ್ಲು. ನಾವು ಕಾಯುತ್ತೇವೆ. ಮಕ್ಕಳಿಗೆ ಗಿಲಕಿ ನಿಲ್ಲಿಸಬೇಡಿ ಎಂದು ಹೇಳಿಟ್ಟಿದ್ದೇನೆ.

ಇಪ್ಪತ್ನಾಲ್ಕರಂದು ಬಾಲಯೇಸುವನ್ನು ನಾನೇ ಮಲಗಿಸುತ್ತೇನೆ, ಆ ಹಕ್ಕು ಬಿಡುವುದಿಲ್ಲ. ನೀನು ಪಕ್ಕದಲ್ಲಿ ನಿಲ್ಲು. ಹಾಡು ಮುಗಿದ ಮೇಲೆ ನಾನು ಮತ್ತೆ ಕಪಾಟಿನ ಕಡೆ ಹೊರಟರೆ ಗಾಬರಿಯಾಗಬೇಡ. ಕೈ ಹಿಡಿದು ಕುಣಿಸು.

ನಿನ್ನ ದೊಡ್ಡಮ್ಮ
ದಿಯೊಸೆಲಿನಾ

ಕೆಳಗಿನ ಸಾಲು ನನ್ನದು, ಹಿಲ್ದಾರ್ದೊನದು. ಈ ಕಾಗದವನ್ನು ಅವಳು ಎರಡು ಸಲ ಬರೆದಳು. ನಿನ್ನೆ ಬರೆದದ್ದು ಮರೆತು ಇವತ್ತು ಮತ್ತೆ ಮೊದಲಿನಿಂದ. ಎರಡೂ ಚೆನ್ನಾಗಿವೆ. ನಿನಗೆ ಇದನ್ನು ಕಳಿಸುತ್ತಿದ್ದೇನೆ, ಇನ್ನೊಂದನ್ನು ನಾನು ಇಟ್ಟುಕೊಂಡೆ. ಹದಿನಾರರ ಮಧ್ಯಾಹ್ನ ಬಸ್ ನಿಲ್ದಾಣಕ್ಕೆ ಬರುತ್ತೇನೆ. ಹಾರನ್ ತರುತ್ತೇನೆ.